ಮೂಲೆಯಲ್ಲಿ ಕೂತ ಅಳಿಯ

ಮೆಷಿನ್ ಹಾಕಿ, ಬಾಗಿಲನ್ನು ಓರೆ ಮಾಡಿ, ಅವಳು ಹೊರಗಿನ ಕೋಣೆಯಲ್ಲಿ ತನ್ನ ಸ್ಟೂಲಿನ ಮೇಲೆ ಕೂತು ಕಿವಿಗೊಟ್ಟಳು. ಕೇಳಿಸುತ್ತಿತ್ತು. ಒಂದೇ ಸಮನೆ ಗುನುಗು, ನಡುನಡುವೆ ಯಾರೋ ದಣಿದು ನಿಟ್ಟುಸಿರು ಬಿಟ್ಟಂತೆ ಫುಸ್ ಎಂಬ ಸದ್ದು. ಇಷ್ಟು ಕೇಳಿಸಿದರೆ ಸಾಕು ಅನ್ನಿಸಿತು. ಸಾಕು ಅಂದರೆ ಯಾತಕ್ಕೆ ಸಾಕು ಎಂದು ತನ್ನನ್ನೇ ಕೇಳಿಕೊಂಡು, ಮುಖ ಬಿಸಿಯಾಗಿ, ಎದ್ದು ಹೋಗಿ ಆರಿಸಿದಳು. ಒಳಕೋಣೆಯಲ್ಲಿ ಮಂಚ, ಮಂಚದ ತಲೆಗೆ ಮಡಿಸಿಟ್ಟ ಹಾಸಿಗೆ, ಹಾಸಿಗೆಯ ಮೇಲೆ ಸುರುಳಿ ಸುತ್ತಿಟ್ಟ ತೆಳು ಕೊಳವೆ. ಅತ್ತೆ ಉಸಿರಾಡುತ್ತಿದ್ದದ್ದು ಆ ಕೊಳವೆಯಿಂದ. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೋಗಿಬಿಟ್ಟರು. ಮೆಷಿನ್ ಉಳಿಯಿತು. ಅದರ ಮೇಲೆ ಮುಚ್ಚಿದ್ದ ಹೂವಿನ ಬಟ್ಟೆಯನ್ನು ಇವತ್ತು ಬೆಳಿಗ್ಗೆ ಅವಳೇ ತೆಗೆದು, ಕೊಡವಿ, ಯಾರಿಗೂ ಕಾಣದ ಹಾಗೆ ಕಪಾಟಿನ ಹಿಂದೆ ತುರುಕಿದ್ದಳು.

ಸಂಜೆ ಏಣಿ ಅಕ್ಕ ಬರುತ್ತಾಳೆ. ವರ್ಷಕ್ಕೊಮ್ಮೆ ಸೋಲಾರ್ ನೋಡಿಕೊಂಡು ಹೋಗಲು ಬರುವುದು ವಾಡಿಕೆ. ಈ ಊರಿನಲ್ಲಿ ಕರೆಂಟು ಬರುವುದೇ ಹೋಗುವುದಕ್ಕೆ. ಹಾಗೆ ಹೋದಾಗ ಮೆಷಿನ್ ನಂಬಿ ಉಸಿರಾಡುವವರ ಗತಿಯೇನು ಎಂದು ಒಂದಷ್ಟು ಜನ ಸೇರಿ ಸಂಸ್ಥೆಯೊಂದನ್ನು ಕಟ್ಟಿ, ಅಂಥವರ ಮನೆಗಳಿಗೆ ಪುಕ್ಕಟೆಯಾಗಿ ಸೋಲಾರ್ ಹಾಕಿಸಿಕೊಡುತ್ತಿದ್ದರು. ಮಾಳಿಗೆಯ ಮೇಲೆ ಪ್ಲೇಟುಗಳು, ಕೆಳಗೆ ಬ್ಯಾಟರಿ, ಒಂದು ದೀಪ, ಒಂದು ಫ್ಯಾನು. ಕಟ್ಟಳೆ ಒಂದೇ. ಹಾಕಿದ ದಿನ ಏಣಿ ಅಕ್ಕ ಅದನ್ನು ಹೇಳುವಾಗ ನೆಲ ನೋಡುತ್ತ, ‘ಅಜ್ಜಿಗೆ ಇದು ಬೇಡವಾದ ದಿನ ನಮಗೆ ತಿಳಿಸ್ಬೇಕು, ಮುಂದಿನ ಮನೆಗೆ ಕೊಡ್ತೀವಿ’ ಅಂದಿದ್ದಳು. ಅತ್ತೆ ಕೊಳವೆಯ ಹಿಂದಿನಿಂದ ನಕ್ಕು, ‘ನಾನು ಸತ್ತ ದಿನ ಅನ್ನೇ, ಮಂಗನ ಮಗಳೇ. ನಾಲಿಗೆ ಏನೂ ಸುಡಲ್ಲ’ ಅಂದಿದ್ದರು. ಸತ್ತ ದಿನ ಬಂತು, ಹೋಯಿತು. ಇವರು ತಿಳಿಸಲಿಲ್ಲ. ಮೊದಲು ದುಃಖ, ಆಮೇಲೆ ನಾಳೆ ಹೇಳಿದರಾಯಿತು, ಆಮೇಲೆ ಇಷ್ಟು ದಿನ ಬಿಟ್ಟು ಈಗ ಹೇಗೆ ಹೇಳುವುದು. ಬೆಳಿಗ್ಗೆ ಗಂಡ ಬೇಕರಿಗೆ ಹೊರಡುವಾಗ ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ ಬಗ್ಗಿಕೊಂಡೇ ಹೇಳಿದ್ದ: ‘ಅಮ್ಮ ಮಲಗಿದಾರೆ ಅನ್ನು. ಪೂರ್ತಿ ಸುಳ್ಳೇನಲ್ವಲ್ಲ.’ ಮೆಷಿನ್ ಹಾಕಿಡುವ ಯೋಚನೆ ಮಾತ್ರ ಅವನದಲ್ಲ. ಅದು ಅವಳದೇ. ಗಂಡನ ಸುಳ್ಳಿಗೆ ಗುಂಡಿ ಹೊಲಿದುಕೊಟ್ಟವಳು ತಾನು ಎಂದುಕೊಂಡು ಬಕೆಟ್ಟು ಹಿಡಿದು ಮಾಳಿಗೆ ಹತ್ತಿದಳು.

ಮೋಡ ಕವಿದಿತ್ತು. ಮೋಡವಿದ್ದರೂ ಪ್ಲೇಟು ಒರೆಸಬೇಕು. ಮಗುವಿನ ಮುಖ ಒರೆಸುವ ಹಾಗೆ ಒರೆಸು, ಮೂಗಿನ ಪಕ್ಕ ಬಿಡಬೇಡ ಎಂದು ಕೆಳಗಿನಿಂದ ಕೂಗುತ್ತಿದ್ದರು ಅತ್ತೆ, ಪ್ಲೇಟಿಗೆ ಮೂಗೆಲ್ಲಿದೆ ಎಂದು ಇವಳು ಕೇಳಬಾರದಿತ್ತು. ಕೇಳಿದರೆ, ‘ನಿನ್ನ ಗಂಡನಿಗೂ ಇರ್ಲಿಲ್ಲ ಹುಟ್ಟಿದಾಗ, ಎಳೆದೆಳೆದು ಉದ್ದ ಮಾಡ್ದೆ’ ಅನ್ನುವರು. ನೀರು ಗಾಜಿನ ಮೇಲೆ ಇಳಿಯುವುದನ್ನು ನೋಡುತ್ತ ನಿಂತವಳಿಗೆ ಇದನ್ನು ಮೇಲೆ ಹತ್ತಿಸುವ ಮೊದಲು ಮನೆ ಬಾಗಿಲಲ್ಲಿ ಒರಗಿಸಿಟ್ಟು ಇದರ ಮುಂದೆ ಫೋಟೋ ತೆಗೆಸಿಕೊಂಡದ್ದು ನೆನಪಾಯಿತು. ದಾನ ಕೊಟ್ಟವರಿಗೆ ತೋರಿಸಲು ಫೋಟೋ ಬೇಕು ಎಂದು ಕ್ಯಾಮೆರಾ ತಂದವನೊಬ್ಬ ಬಂದಿದ್ದ. ಅವಳು ಇರುವುದರಲ್ಲಿ ಒಳ್ಳೆಯ ಬಟ್ಟೆ, ನೀಲಿಯದು, ಹಾಕಿಕೊಂಡಿದ್ದಳು. ಅವನು ಕ್ಯಾಮೆರಾ ಇಳಿಸಿ, ತಲೆ ಓರೆ ಮಾಡಿ, ‘ಮನೇಲಿ ದಿನಾ ಹಾಕೋ ಬಟ್ಟೆ ಇಲ್ವಾಮ್ಮ?’ ಅಂದ. ಅವಳು ಬಟ್ಟೆ ಬದಲಿಸಲು ಒಳಗೆ ತಿರುಗಿದಾಗ ಅತ್ತೆಯ ಧ್ವನಿ ಅವಳ ಬೆನ್ನ ಹಿಂದೆ ಬಂತು: ‘ನಾವು ಬಡವರು ಅಂತ ಗೋಡೆ ಹೇಳ್ತಾ ಇದೆಯಲ್ಲಪ್ಪಾ, ಬಟ್ಟೆನೂ ಯಾಕೆ ಹೇಳ್ಬೇಕು? ನೀಲಿಯಲ್ಲೇ ತೆಗಿ.’ ನೀಲಿಯಲ್ಲೇ ತೆಗೆದ. ಆ ಫೋಟೋದಲ್ಲಿ ಅವಳು ಅತ್ತೆಯ ಕುರ್ಚಿ ಹಿಡಿದು ನಿಂತಿದ್ದಾಳಂತೆ, ಕಣ್ಣು ಮುಚ್ಚಿಕೊಂಡು. ಎಂದೂ ನೋಡಿದವಳಲ್ಲ. ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆ ಅವಳನ್ನು ಹೊಗಳಿದ್ದೇ ಇಲ್ಲ. ಹೊರಗಿನವರು ಯಾರಾದರೂ ಮುಟ್ಟಿದರೆ ಮಾತ್ರ ಗೂಳಿಯ ಹಾಗೆ ಎದುರು ನಿಲ್ಲುವರು.

ಬ್ಯಾಟರಿಗೆ ‘ಅಳಿಯ’ ಎಂದು ಹೆಸರಿಟ್ಟವರೂ ಅವರೇ. ಹೆಣ್ಣುಮಕ್ಕಳಿಲ್ಲದ ಅವರಿಗೆ ಅಳಿಯ ಇರಲಿಲ್ಲ. ‘ಈಗ ಬಂದ ನೋಡು ಮನೆ ಅಳಿಯ. ಹಗಲೆಲ್ಲ ಮೂಲೇಲಿ ಕೂತು ತಿಂತಾನೆ, ಕತ್ತಲಾದ ಮೇಲೆ ಒಂದಿಷ್ಟು ಕೆಲಸ ಮಾಡಿ ಉಸ್ಸಪ್ಪಾ ಅಂತಾನೆ.’ ಮೋಡದ ದಿನ ಅಳಿಯನಿಗೆ ಉಪವಾಸ. ಬಿಸಿಲಿನ ದಿನ ಹಬ್ಬದೂಟ. ಕರೆಂಟು ಹೋದ ಕೂಡಲೇ ಮನೆಯಲ್ಲಿ ಒಂದು ಶಿಸ್ತು ಶುರುವಾಗುತ್ತಿತ್ತು, ಯಾರೂ ಹೇಳಿಕೊಟ್ಟದ್ದಲ್ಲ: ಗಂಡ ಫ್ಯಾನು ಆರಿಸುವನು, ಅವಳು ದೀಪ ಆರಿಸುವಳು, ಇರುವುದೆಲ್ಲ ಮೆಷಿನ್ನಿಗೆ. ಮೂವರೂ ಕತ್ತಲಲ್ಲಿ ಕೂತು ಆ ಗುನುಗನ್ನು ಕೇಳುವರು. ಆದರೆ ಕೆಲಸ ಕತ್ತಲು ನೋಡಿಕೊಂಡು ಬರುವುದಿಲ್ಲ. ದರ್ಜಿ ಅಂಗಡಿಯವನು ಕಳಿಸುವ ಅಂಗಿ, ಕೋಟುಗಳಿಗೆ ಕೈಯಲ್ಲಿ ಕಾಜಾ ಹೊಲಿಯುವುದು ಅವಳ ಕೆಲಸ. ಗುಂಡಿ ತೂರಿಸುವ ಸೀಳಿನ ಅಂಚನ್ನು ಒತ್ತೊತ್ತಾಗಿ ಹೊಲಿದು ಕಟ್ಟಬೇಕು, ಕಪ್ಪು ಕೋಟಿಗೆ ಕಪ್ಪು ದಾರ. ಮರುದಿನ ಬೆಳಿಗ್ಗೆಯೇ ಕೊಡಬೇಕಾದ ಕೋಟು ಮಡಿಲಲ್ಲಿದ್ದ ಒಂದು ಸಂಜೆ ಕರೆಂಟು ಹೋಗಿ, ಗಂಡ ಇನ್ನೂ ಬಂದಿರದಾಗ, ಅವಳು ದೀಪ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗೆ ಗುನುಗು ನಿಂತಿತು. ‘ಅತ್ತೆ?’ ಎಂದು ಕೂಗಿದಳು. ‘ಇದಕ್ಕೂ ಒಂಚೂರು ಉಸಿರಾಡೋಕೆ ಬಿಡೇ ಹುಡುಗಿ. ನಾನು ಚೆನ್ನಾಗಿದೀನಿ, ನೀನು ಹೊಲಿ’ ಎಂಬ ಉತ್ತರ ಬಂತು, ಒಂದೊಂದು ಪದಕ್ಕೂ ನಡುವೆ ಬಿಡುವು ಕೊಟ್ಟು. ಅವಳು ಎದ್ದು ಹೋಗಿ ಮತ್ತೆ ಹಾಕಿದಳು, ಬೈದಳು. ಮುಂದಿನ ಸಲ ಅತ್ತೆ ಸದ್ದಾಗದ ಹಾಗೆ, ಮೆಷಿನ್ನಿನ ಸ್ವಿಚ್ಚಿನ ಗುಬುಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಆರಿಸಿದರು. ಸ್ವಿಚ್ಚಿನ ಸದ್ದು ಕೇಳಿಸಲಿಲ್ಲ, ನಿಶ್ಶಬ್ದ ಕೇಳಿಸಿತು. ಸೂಜಿ ಬಟ್ಟೆಯ ನಡುವೆ ನಿಂತಿತು. ಇನ್ನು ಒಂದೇ ಕಾಜಾ, ಇನ್ನು ಅರ್ಧ, ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಅವಳು ಕಿವುಡಿಯಾದಳು. ಕೋಟು ಮುಗಿಯಿತು. ಎಷ್ಟು ಚೆಂದದ ಕಾಜಾಗಳು ಎಂದು ದರ್ಜಿ ಮರುದಿನ ಹೊಗಳಿದ. ಆಮೇಲೆಯೂ ಅವಳು ಹಾಗೆ ಕಿವುಡಿಯಾದದ್ದುಂಟು.

ಅದರಿಂದ ಏನೂ ಆಗಲಿಲ್ಲ. ವೈದ್ಯರೇ ಹೇಳಿದರು, ವಯಸ್ಸು, ದಣಿದ ಎದೆ, ಇಷ್ಟು ಕಾಲ ನಡೆಸಿದ್ದೇ ಹೆಚ್ಚು. ಅತ್ತೆ ಹೋದದ್ದು ಮಧ್ಯಾಹ್ನ, ಕರೆಂಟು ಇದ್ದಾಗ, ಮೆಷಿನ್ ಸುಸೂತ್ರವಾಗಿ ನಡೆಯುತ್ತಿದ್ದಾಗ. ಅವರ ಉಸಿರು ನಿಂತ ಮೇಲೂ ಅದು ನಿಲ್ಲದೆ ಕೊಳವೆಯ ತುದಿಯಿಂದ ಗಾಳಿ ಊದುತ್ತಲೇ ಇತ್ತು. ಕೆನ್ನೆಯ ಮೇಲಿನ ಒಂದು ಬಿಳಿ ಕೂದಲು ಅಲುಗುತ್ತಿತ್ತು, ಅದನ್ನೇ ನೋಡುತ್ತ ಅವಳು ಬಹಳ ಹೊತ್ತು ನಂಬಲಿಲ್ಲ. ಈಗ ಕರೆಂಟು ಹೋದರೆ ಅವಳು ನಿಶ್ಚಿಂತೆಯಾಗಿ ದೀಪ ಹಾಕಿಕೊಂಡು ಹೊಲಿಯಬಹುದು. ಮನೆಗೆ ಬೆಳಕು ಹೆಚ್ಚಿದೆ, ಎಂದು ಒಂದು ಸಂಜೆ ಸೂಜಿಗೆ ದಾರ ಪೋಣಿಸುವಾಗ ಅನ್ನಿಸಿ, ದಾರ ತಪ್ಪಿತು. ಗಂಡನಿಗೆ ಆ ಬೆಳಕೂ ಬೇಡ. ಅವನು ಮನೆಯಲ್ಲಿದ್ದಾಗ ಕರೆಂಟು ಹೋದರೆ ಎದ್ದು ಫ್ಯಾನು ಆರಿಸಿ, ಕತ್ತಲಲ್ಲಿ ಬೆವರುತ್ತ, ಒಳಕೋಣೆಯ ಕಡೆ ಮುಖ ಮಾಡಿ ಕೂರುತ್ತಾನೆ. ಯಾಕೆ ಎಂದು ಅವಳು ಕೇಳಿಲ್ಲ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿದರೆ ಅವಳ ಕೈ ತಾನಾಗಿ ದೀಪದ ಸ್ವಿಚ್ಚಿಗೆ ಹೋಗುತ್ತದೆ, ಕದ್ದು ತಿನ್ನುವಾಗ ಸಿಕ್ಕಿಬಿದ್ದವರ ಹಾಗೆ. ತುಂಬಿದ ಹೊಟ್ಟೆಯ ಅಳಿಯ ಮೂಲೆಯಲ್ಲಿ ಪುಟ್ಟ ದೀಪದ ಹಸಿರು ಕಣ್ಣು ಬಿಟ್ಟುಕೊಂಡು ಇಬ್ಬರನ್ನೂ ನೋಡುತ್ತಿರುತ್ತಾನೆ.

‘ಅಜ್ಜೀ, ಬಂದೆ ಕಣ್ರೀ! ಬೈಯೋಕೆ ಶುರು ಮಾಡಿ!’

ಏಣಿ ಅಕ್ಕನ ಧ್ವನಿ ಬೀದಿಯಿಂದಲೇ ಬಂತು. ಅವಳು ದಡಬಡಿಸಿ ಮೆಷಿನ್ ಹಾಕಿ, ಬಾಗಿಲು ಓರೆ ಮಾಡಿ ಬಂದಳು. ಏಣಿ ಅಕ್ಕನ ಹೆಸರು ಬೇರೆ ಏನೋ ಇದೆ. ಸಂಸ್ಥೆಯ ಪ್ಲೇಟುಗಳನ್ನೆಲ್ಲ ಕೂರಿಸುವವಳು ಅವಳು, ಏಣಿಯಷ್ಟೇ ಎತ್ತರ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ಬಗ್ಗಿಸಿ ಬಂದವಳು ಗುನುಗು ಕೇಳಿ ಬಾಯಿಗೆ ಕೈ ಮುಚ್ಚಿಕೊಂಡಳು. ‘ಮಲಗಿದಾರಾ?’

ಅವಳು ತಲೆಯಾಡಿಸಿದಳು. ಬಾಯಿ ಸುಳ್ಳು ಹೇಳಲಿಲ್ಲ, ಕತ್ತು ಹೇಳಿತು.

ಅಲ್ಲಿಂದ ಏಣಿ ಅಕ್ಕ ಪಿಸುಮಾತಿಗಿಳಿದಳು. ಅಷ್ಟು ದೊಡ್ಡ ಹೆಂಗಸು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಮಾಳಿಗೆ ಹತ್ತಿ ಇಳಿಯುವುದನ್ನು ನೋಡಲಾರದೆ ಅವಳು ನೀರು ತರಲು ಹೋದಳು. ‘ಪ್ಲೇಟು ಕನ್ನಡಿ ಥರ ಇಟ್ಟಿದೀಯ ತಂಗಿ. ಎಷ್ಟೋ ಮನೇಲಿ ಅದರ ಮೇಲೆ ಕಾಲುಚೀಲ ಒಣಗಿಸ್ತಾರೆ, ಆಮೇಲೆ ಸೋಲಾರ್ ಸರಿಯಿಲ್ಲ ಅಂತ ನನಗೆ ಬೈತಾರೆ.’ ನೀರು ಕುಡಿದು, ಗೋಡೆಗೊರಗಿ, ಕಾಲು ಚಾಚಿ ಕೂತಳು. ಕೂತು, ಅದೇ ಪಿಸುಧ್ವನಿಯಲ್ಲಿ, ನೀರಿನ ಟ್ಯಾಂಕಿನ ಹಿಂದಿನ ಬೀದಿಯ ಬಣ್ಣ ಬಳಿಯುವವನ ಸುದ್ದಿ ಹೇಳಿದಳು. ಆ ಮನುಷ್ಯನ ಎದೆ ಬಣ್ಣ ಕುಡಿದು ಕುಡಿದು ಕೆಟ್ಟಿದೆ. ಅಜ್ಜಿಯದೇ ಥರದ ಮೆಷಿನ್. ಕರೆಂಟು ಹೋದರೆ ಹೆಂಡತಿ, ಮೈದುನ ಸೇರಿ ಅವನನ್ನು ಕುರ್ಚಿ ಸಮೇತ ಹೊತ್ತು ಆಸ್ಪತ್ರೆಯ ವರಾಂಡಕ್ಕೆ ಓಡಬೇಕು, ಅಲ್ಲಿ ಜನರೇಟರ್ ಇದೆ. ಕರೆಂಟು ಬಂದ ಮೇಲೆ ಮತ್ತೆ ಹೊತ್ತು ತರಬೇಕು. ‘ಅವನೋ, ಕುರ್ಚಿ ಮೇಲೆ ಕೂತ್ಕೊಂಡು, ನನ್ನಷ್ಟು ಸವಾರಿ ಯಾವ ರಾಜನೂ ಮಾಡಿಲ್ಲ ಅಂತಾನೆ. ನಗಬೇಕಾ ಅಳಬೇಕಾ ಹೇಳು. ಸರದೀಲಿ ಅವನೇ ಮುಂದೆ. ಕೊಡೋಕೆ ಸೋಲಾರ್ ಸೆಟ್ಟೇ ಇಲ್ಲ.’

ಅವಳು ಮಡಿಲಿನ ಕೋಟನ್ನು ತಿರುವಿ ನೋಡಿದಳು. ಹೇಳು, ಈಗ ಹೇಳು, ಎಂದು ಒಳಗೆ ಯಾರೋ ಅಂದರು, ಅತ್ತೆಯ ಧ್ವನಿಯಲ್ಲಲ್ಲ, ಅವಳದೇ ಧ್ವನಿಯಲ್ಲಿ. ಹೇಳಲು ಬಾಯಿ ತೆರೆದಾಗ ಕರೆಂಟು ಹೋಯಿತು. ಒಳಗಿನ ಮೆಷಿನ್ ಒಂದು ಸಲ ಬಿಕ್ಕಳಿಸಿ, ಅಳಿಯನ ಕೈ ಹಿಡಿದುಕೊಂಡು, ಮತ್ತೆ ನಡೆಯಿತು. ಏಣಿ ಅಕ್ಕ ಎದ್ದವಳೇ ಫ್ಯಾನು ಆರಿಸಿದಳು.

‘ಇರ್ಲಿ ಅಕ್ಕ, ಸೆಕೆ.’

‘ಸುಮ್ನಿರು. ಇವತ್ತು ಮೋಡ, ನಿಮ್ಮ ಅಳಿಯನಿಗೆ ಅರೆಹೊಟ್ಟೆ. ಇರೋದನ್ನ ಅಜ್ಜಿ ಉಸಿರಾಡ್ಲಿ. ನಾವು ಬೆವರಿದ್ರೆ ಸ್ನಾನ ಉಳೀತು ಅನ್ಕೊಳ್ಳೋಣ.’

ಅಭ್ಯಾಸಬಲದಿಂದ ಅವಳ ಕೈ ದೀಪವನ್ನೂ ಆರಿಸಿತು. ಕತ್ತಲಲ್ಲಿ ಏಣಿ ಅಕ್ಕ ಕೇಳಿದಳು, ‘ಅಯ್ಯ, ದೀಪ ಯಾಕೆ ಆರಿಸ್ದೆ?’

‘ಮೆಷಿನ್ನಿಗೆ ಬೇಕಲ್ಲ.’

ತಡೆಹಿಡಿದ ನಗು ಕೇಳಿಸಿತು. ‘ಅತ್ತೆಗೆ ತಕ್ಕ ಸೊಸೆ. ಆ ದೀಪ ತಿನ್ನೋದು ಒಂದು ಚಿಟಿಕೆ ಕಣೇ. ಆನೆ ಊಟಕ್ಕೆ ಕೂತಿರುವಾಗ ಇರುವೆ ಎದ್ದು ಹೋದ್ರೆ ಏನು ಉಳೀತು? ಹೋದ ಸಲ ನಿಮ್ಮತ್ತೆಗೂ ಇದನ್ನೇ ಹೇಳ್ದೆ. ನೀನು ಮಾಳಿಗೆ ಮೇಲಿದ್ದೆ. ಹತ್ರ ಕರೆದು, ಗುಟ್ಟಾಗಿ ಕೇಳಿದ್ರು: ನಾನು ಇದನ್ನ ಸ್ವಲ್ಪ ಆರಿಸಿಟ್ರೆ ನನ್ನ ಸೊಸೆ ದೀಪ ಎಷ್ಟು ಹೊತ್ತು ಬರುತ್ತೆ? ನನಗೆ ಎದೆ ಧಸಕ್ಕಂತು. ನೀವು ಆರಿಸೋದೇ ಬೇಡ ಅಜ್ಜಿ, ಎರಡೂ ನಡೆಯುತ್ತೆ ಅಂತ ತಿಳಿಸಿ ಹೇಳ್ದೆ. ನಂಬಿದ್ರಾ? ಏಣಿ ಹತ್ತೋಳಿಗೆ ಮನೆ ನಡೆಸೋದು ಏನು ಗೊತ್ತು ಅಂದ್ರು.’

ಕತ್ತಲಲ್ಲಿ ತಾವು ಮೂವರು ಕೂತ ಸಂಜೆಗಳೆಲ್ಲ ಸಾಲಾಗಿ ಬಂದು ಅವಳ ಎದುರು ಕೂತವು. ಒಂದು ಚಿಟಿಕೆ. ದೀಪವೂ ಉರಿಯಬಹುದಿತ್ತು, ಉಸಿರೂ ನಡೆಯಬಹುದಿತ್ತು. ಒಬ್ಬರಿಗಾಗಿ ಒಬ್ಬರು ಬಿಟ್ಟುಕೊಟ್ಟದ್ದೆಲ್ಲ ಯಾರ ತಟ್ಟೆಗೂ ಬೀಳದೆ ಹೋಗಿತ್ತು. ಮೂರ್ಖರು, ಎಂದುಕೊಂಡಳು, ಎಷ್ಟು ಮೂರ್ಖರು ನಾವು.

ಏಣಿ ಅಕ್ಕ ಚೀಲದಲ್ಲಿ ಏನನ್ನೋ ತಡಕುತ್ತಿದ್ದಳು. ‘ಕೊನೆಗೆ ಏನಂದ್ರು ಗೊತ್ತಾ? ಆ ಅಳಿಯನ ಹಂಗು ನನ್ನ ಸೊಸೆಗೆ ಬೇಡ, ಅವಳಿಗೊಂದು ಬೇರೆ ಒಲೆ ಹೂಡಿಕೊಡು. ಅವಳ ಕಣ್ಣು ಹೋಗ್ತಾ ಇದೆ, ಹೇಳ್ಕೊಳ್ಳೋ ಜಾತಿ ಅಲ್ಲ ಅದು, ಅಂದ್ರು. ತಗೋ.’ ಬಟ್ಟೆಯಲ್ಲಿ ಸುತ್ತಿದ್ದನ್ನು ಅವಳ ಕೈಗಿಟ್ಟಳು. ಬೆರಳಿಗೆ ಒಂದು ಸಣ್ಣ ಗಾಜಿನ ಹಲಗೆ ಸಿಕ್ಕಿತು, ಮಕ್ಕಳ ಸ್ಲೇಟಿನಷ್ಟು. ಅದಕ್ಕೊಂದು ತಂತಿ, ತಂತಿಯ ತುದಿಗೆ ಬಾಗುವ ಕತ್ತಿನ ದೀಪ. ‘ಇದು ಸಂಸ್ಥೇದಲ್ಲ, ಯಾರೂ ವಾಪಸ್ ಕೇಳಲ್ಲ. ಒಡೆದ ಪ್ಲೇಟಿನ ತುಂಡು, ಹಳೇ ಟಾರ್ಚಿನ ಬ್ಯಾಟರಿ. ನಾನೇ ಕೂತು ಮಾಡ್ದೆ. ತಡವಾಯ್ತು. ಅಜ್ಜಿ ಎದ್ದ ಮೇಲೆ ಮೊದಲು ಅದಕ್ಕೇ ಬೈತಾರೆ.’

ಬೇರೆ ಒಲೆ. ಮದುವೆಯಾದ ಹೊಸತರಲ್ಲಿ ಈ ಎರಡು ಪದಗಳ ಮೇಲೆ ಎಂಥ ಜಗಳಗಳಾಗಿದ್ದವು. ಬೇರೆ ಒಲೆ ಹೂಡೋ ಹುನ್ನಾರ ನಿಂದು ಎಂದು ಅತ್ತೆ, ಹೂಡಿದರೆ ತಪ್ಪೇನು ಎಂದು ಇವಳು, ನಡುವೆ ಹಿಟ್ಟು ಮೆತ್ತಿದ ಕೈ ಕಟ್ಟಿಕೊಂಡು ಗಂಡ. ಸಾಯುವ ಮುಂಚೆ ಮುದುಕಿ ತಾನೇ ಹೂಡಿಸಿ ಹೋಗಿದ್ದರು. ಅವಳು ದೀಪವನ್ನು ಗೋಡೆಯ ಬದಿಗಿಟ್ಟು ಎದ್ದಳು. ಕತ್ತಲಲ್ಲಿ ಹೆಜ್ಜೆಗೆ ದಾರಿ ಗೊತ್ತಿತ್ತು. ಒಳಗೆ ಹೋಗಿ, ಗುಬುಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು, ಸದ್ದಾಗದ ಹಾಗೆ, ಆರಿಸಿದಳು.

‘ನಿಂತೋಯ್ತು!’ ಏಣಿ ಅಕ್ಕ ಕಿರುಚಿದಳು. ‘ತಂಗೀ, ನಿಂತೋಯ್ತು! ಅಜ್ಜೀ!’ ಸ್ಟೂಲು ಉರುಳಿತು, ಗುಂಡಿಗಳ ಡಬ್ಬಿ ಬಿದ್ದು ನೆಲದ ತುಂಬ ಚೆಲ್ಲಿತು, ಬಾಗಿಲಿನ ಚೌಕಟ್ಟಿಗೆ ತಲೆ ಬಡಿದ ಸದ್ದಾಯಿತು, ಟಾರ್ಚಿನ ಬೆಳಕು ಒಳಗೆ ನುಗ್ಗಿ ಮಂಚವನ್ನು ಹುಡುಕಿತು. ಮಡಿಸಿದ ಹಾಸಿಗೆಯ ಮೇಲೆ ನಿಂತಿತು. ಸುರುಳಿ ಸುತ್ತಿದ ಕೊಳವೆಯ ಮೇಲೆ ನಿಂತಿತು. ಆಮೇಲೆ ನಿಧಾನವಾಗಿ ಅವಳ ಮುಖಕ್ಕೆ ಬಂದು, ಕಣ್ಣು ಚುಚ್ಚಿದ್ದಕ್ಕೆ ನಾಚಿದಂತೆ ಕೆಳಗಿಳಿಯಿತು.

‘ಯಾವಾಗ?’

‘ಮಳೆ ನಿಂತ ವಾರ. ಮಧ್ಯಾಹ್ನ. ಕರೆಂಟ್ ಇತ್ತು.’

ಕರೆಂಟಿನ ಮಾತನ್ನು ಯಾಕೆ ಸೇರಿಸಿದೆ ಎಂದು ಅವಳಿಗೇ ತಿಳಿಯಲಿಲ್ಲ. ಬೈಗುಳಕ್ಕೆ ಕಾದಳು. ಏಣಿ ಅಕ್ಕ ಹಣೆ ಒತ್ತಿಕೊಂಡು ಮಂಚದ ತುದಿಯಲ್ಲಿ ಕುಸಿದು ಕೂತಳು. ‘ನನಗೆ ಹೇಳ್ಲಿಲ್ಲ ನೀನು.’

‘ಸೆಟ್ ತಗೊಂಡು ಹೋಗ್ತೀರಿ ಅಂತ...’

‘ಸೆಟ್ ಬೆಂಕಿಗೆ ಬೀಳ್ಲಿ. ಒಂದು ಹಿಡಿ ಮಣ್ಣು ಹಾಕೋಕೆ ಬರ್ತಿರ್ಲಿಲ್ವಾ ನಾನು? ನನ್ನನ್ನ ಮಂಗನ ಮಗಳೇ ಅಂತ ಕರೆಯೋರು ಈ ಊರಲ್ಲಿ ಅವರೊಬ್ಬರೇ ಇದ್ರು.’ ಅಷ್ಟು ಹೇಳಿ ಮೂಗೊರೆಸಿಕೊಂಡಳು. ಅವಳಿನ್ನೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದಳು.

ಕಿತ್ತುಕೊಳ್ಳಲು ಬರುವವಳು ಎಂದು ಬೆಳಗಿನಿಂದ ಅಂಜಿದ್ದ ಹೆಂಗಸಿನಿಂದ ತಾವು ಏನನ್ನು ಕಿತ್ತುಕೊಂಡೆವು ಎಂದು ಅವಳಿಗೆ ಆಗ ಕಂಡಿತು. ಪಕ್ಕದಲ್ಲಿ ಕೂತಳು. ‘ಅವರು ಆರಿಸ್ತಿದ್ದದ್ದು ನನಗೆ ಗೊತ್ತಾಗ್ತಿತ್ತು ಅಕ್ಕ. ಗೊತ್ತಾಗದ ಹಾಗೆ ಹೊಲೀತಿದ್ದೆ’ ಅಂದಳು.

‘ಅದು ಅವರಿಗೂ ಗೊತ್ತಿರುತ್ತೆ ಬಿಡು. ಅತ್ತೆ ಸೊಸೆ ಒಂದೇ ಸೂರಿನ ಕೆಳಗೆ ಇಷ್ಟು ಕಾಲ ಬಾಳೋದು ಇಬ್ಬರೂ ಆಗಾಗ ಕಿವುಡಾದ್ರೇ.’

ಹೊರಗೆ ಬೀದಿಯಲ್ಲಿ ಯಾರೋ ಅವಸರದಲ್ಲಿ ಓಡಿದ ಸದ್ದು. ಕುರ್ಚಿ ಹೊತ್ತವರಿರಲಾರರು, ನೀರಿನ ಟ್ಯಾಂಕು ಆ ಕಡೆಗೆ. ಆದರೂ ಅವಳಿಗೆ ಕುರ್ಚಿ ಕಂಡಿತು, ಕುರ್ಚಿಯ ಮೇಲಿನ ರಾಜನೂ ಕಂಡ. ‘ಅಳಿಯನನ್ನ ಕರ್ಕೊಂಡು ಹೋಗಿ ಅಕ್ಕ’ ಅಂದಳು. ‘ಆ ಮನೆಗೆ. ಮೆಷಿನ್ ಬೇಕಿದ್ರೆ ಅದನ್ನೂ.’

‘ಕತ್ತಲಲ್ಲಿ ಪ್ಲೇಟು ಇಳಿಸೋಕಾಗಲ್ಲ. ಬೆಳಿಗ್ಗೆ ಬರ್ತೀನಿ. ಇನ್ನೊಂದೇ ಒಂದು ರಾತ್ರಿ ಆ ರಾಜನ ಸವಾರಿ ನಡೀಲಿ.’ ಏಣಿ ಅಕ್ಕ ಎದ್ದು, ಈ ಸಲ ನೆನಪಿಟ್ಟು ತಲೆ ಬಗ್ಗಿಸಿ, ಹೊರಗೆ ಬಂದು, ಪಿಸುಮಾತು ಬಿಟ್ಟು ಗಟ್ಟಿಯಾಗಿ ಮಾತಾಡಿದಳು: ‘ಈಗ ಈ ಮನೇಲಿರೋ ಸ್ವಿಚ್ಚೆಲ್ಲ ಹಾಕು ನೋಡೋಣ. ಹೋಗೋ ಅಳಿಯನ ಕೈಯಲ್ಲಿ ಒಂದು ದಿನ ಮೈಬಗ್ಗಿಸಿ ಕೆಲಸ ಮಾಡಿಸೋಣ.’

ದೀಪ ಹಾಕಿದಳು. ಫ್ಯಾನು ಹಾಕಿದಳು. ಹೊಸ ದೀಪದ ಕತ್ತು ಬಾಗಿಸಿ ನೆಲಕ್ಕೆ ಹಿಡಿದು, ಇಬ್ಬರೂ ಮಂಡಿಯೂರಿ ಗುಂಡಿಗಳನ್ನು ಆಯತೊಡಗಿದರು. ಕಪಾಟಿನ ಅಡಿಯಲ್ಲಿ, ಬ್ಯಾಟರಿಯ ಹಿಂದೆ, ಹೊಸ್ತಿಲ ಸಂದಿಯಲ್ಲಿ ಗುಂಡಿಗಳು ಹೊಳೆಯುತ್ತಿದ್ದವು. ಕತ್ತಲಾದ ಬೀದಿಯಲ್ಲಿ ಈ ಮನೆಯೊಂದೇ ಬೆಳಗುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಅವಳ ಕೈ ಸ್ವಿಚ್ಚಿನ ಕಡೆ ಎದ್ದು, ಅರ್ಧದಲ್ಲಿ ನಿಂತು, ಮತ್ತೆ ಗುಂಡಿಗಳ ಕಡೆಗೆ ಬಂತು.

ಗಂಡ ಬಾಗಿಲಲ್ಲಿ ನಿಂತಿದ್ದ, ಕಂಕುಳಲ್ಲಿ ಕಾಗದ ಸುತ್ತಿದ ಬ್ರೆಡ್ಡು, ಹುಬ್ಬಿನ ತುಂಬ ಹಿಟ್ಟು. ಬೆಳಕಿಗೆ ಕಣ್ಣು ಕಿರಿದು ಮಾಡಿ, ತಗ್ಗಿದ ಧ್ವನಿಯಲ್ಲಿ ಅಂದ:

‘ದೀಪ ಆರಿಸೇ, ಅಮ್ಮನಿಗೆ ಸಾಲಲ್ಲ.’

ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತೇನೋ. ಒಳಕೋಣೆಯ ಕಡೆ ನೋಡಿದ. ಏಣಿ ಅಕ್ಕನನ್ನು ನೋಡಿದ. ಹೆಂಡತಿಯ ಕಡೆ ತಿರುಗಿ, ಕೇಳಬೇಕಾದ್ದನ್ನು ಕೇಳಲಾರದೆ, ಚಪ್ಪಲಿಯ ಪಟ್ಟಿ ಬಿಚ್ಚಲು ಬಗ್ಗಿದ.

‘ಸಾಲುತ್ತೆ’ ಅಂದಳು ಅವಳು. ‘ಮುಂಚೆನೂ ಸಾಲ್ತಿತ್ತಂತೆ. ಬನ್ನಿ ಒಳಗೆ.’

ಅವನು ಬಂದು ಫ್ಯಾನಿನ ಕೆಳಗೆ ಕೂತ. ತಲೆಗೂದಲಿನಿಂದ, ಹುಬ್ಬಿನಿಂದ ಹಿಟ್ಟು ಎದ್ದು, ದೀಪದ ಬೆಳಕಿನಲ್ಲಿ ಒಂದು ಕ್ಷಣ ತೇಲಿ, ಆಯ್ದಿಟ್ಟ ಗುಂಡಿಗಳ ಮೇಲೆ, ಅವಳ ಮೊಣಕೈಯ ಮೇಲೆ, ಮೂಲೆಯ ಅಳಿಯನ ಬೆನ್ನಿನ ಮೇಲೆ ಮೆಲ್ಲಗೆ ಇಳಿಯಿತು. ಅವಳು ಒರೆಸಲು ಹೋಗಲಿಲ್ಲ.